ಫೇಲಾಗಲು ಓದಿದವನು

ಬೇಕೆಂದೇ ಫೇಲಾಗುವುದು ಪಾಸಾಗುವಷ್ಟು ಸುಲಭವಲ್ಲ. ಪಾಸಾಗುವವನಿಗೆ ಸರಿಯಾದ ಉತ್ತರ ಗೊತ್ತಿದ್ದರೆ ಸಾಕು. ಫೇಲಾಗುವವನು ಸರಿಯಾದದ್ದನ್ನೂ ತಿಳಿದು, ಅದರ ಮಗ್ಗುಲಲ್ಲೇ ಇರುವ ತಪ್ಪೊಂದನ್ನೂ ಹುಡುಕಿ ಬರೆಯಬೇಕು. ತಪ್ಪು ತೀರಾ ಪೆದ್ದಾಗಿದ್ದರೆ ಟೀಚರಿಗೆ ಬೇಸರವಾಗುತ್ತದೆ. ತೀರಾ ಜಾಣತನದ್ದಾದರೆ ಅನುಮಾನ ಬರುತ್ತದೆ.

ನಮ್ಮ ಹಲ್ಲಿನ ಮೇಸ್ತ್ರಿಗೆ ಈ ವಿದ್ಯೆ ಬೇಗ ಒಲಿದದ್ದು ಅವನ ಕಸುಬಿನಿಂದ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅವನು ಆ ಅಚ್ಚಿಗೆ ತಕ್ಕ ಹಲ್ಲುಗಳನ್ನು ಮಾಡುತ್ತಾನೆ. ಹೊಸಬರು ಮಾಡಿದ ಹಲ್ಲುಗಳು ಬೆಳ್ಳಗೆ, ಒಂದೇ ಎತ್ತರಕ್ಕೆ, ಕವಾಯತಿಗೆ ನಿಂತ ಹಾಗೆ ನಿಂತಿರುತ್ತವೆ. ಬಾಯಿ ಬಿಟ್ಟ ಕೂಡಲೇ ಕಟ್ಟಿಸಿದ ಹಲ್ಲು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅವನು ಹಾಗೆ ಮಾಡುವವನಲ್ಲ. ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ, ಇನ್ನೊಂದರ ತುದಿಯನ್ನು ಚೂರು ಸವೆಸುತ್ತಾನೆ, ಬುಡಕ್ಕೆ ವರ್ಷಗಟ್ಟಲೆ ಟೀ ಕುಡಿದವರ ಹಳದಿಯನ್ನು ತೆಳ್ಳಗೆ ಹಚ್ಚುತ್ತಾನೆ. ಆಗ ಸುಳ್ಳು ಹಲ್ಲು ನಿಜದ ಹಾಗೆ ಕಾಣುತ್ತದೆ. ಸಂಜೆಯ ಇಂಗ್ಲಿಷ್ ಕ್ಲಾಸಿನ ಟೆಸ್ಟಿನಲ್ಲಿ ಅವನು ತಪ್ಪುಗಳನ್ನು ಕೂರಿಸಿದ್ದೂ ಇದೇ ಕ್ರಮದಲ್ಲಿ.

ಮೊದಲನೇ ಟೆಸ್ಟನ್ನು ಹೀಗೆ ಕೆಡಿಸಿಯಾಗಿತ್ತು. ಈಗ ಎರಡನೆಯದಕ್ಕೆ ತಯಾರಿ ನಡೆದಿತ್ತು.

"ಫೇಲಾಗೋಕೆ ಇಷ್ಟೊಂದು ಓದೋ ಮನುಷ್ಯನ್ನ ನಾನು ನೋಡೇ ಇಲ್ಲ," ಎಂದಳು ಅಕ್ಕ. ಅವಳು ಸಿಟಿ ಬಸ್ಸಿನ ಡ್ರೈವರ್. ಡ್ಯೂಟಿ ಮುಗಿಸಿ ಬಂದು, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿ, ತಮ್ಮನ ಪುಸ್ತಕಗಳನ್ನು ನೋಡುತ್ತಿದ್ದಳು. "ಆ ಟೀಚರಿಗೆ ನೇರವಾಗಿ ಹೇಳೋಕೆ ನಿಂಗೇನು ಧಾಡಿ?"

"ಒಂದ್ಸಲ ಕೇಳಿದ್ದೆ ಕಣೇ. ಕಾಫಿಗೆ ಬರ್ತೀರಾ ಅಂತ."

"ಏನಂದ್ರು?"

"ಮೊದಲು ಟೆಸ್ಟ್ ಪಾಸಾಗಿ ಅಂದ್ರು."

ಅಕ್ಕ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಆಕಳಿಸಿ, ಮಲಗಲು ಹೋದಳು.

ನಡೆದದ್ದು ಇಷ್ಟು. ದಂತವೈದ್ಯರ ಫೋನು ಬಂದಾಗಲೆಲ್ಲ ಅವನು ಎಸ್, ನೋ, ಓಕೆ ಎಂಬ ಮೂರೇ ಮಾತಿನಲ್ಲಿ ಮುಗಿಸುತ್ತಿದ್ದುದರಿಂದ ಲ್ಯಾಬಿನ ಯಜಮಾನರು ಅವನನ್ನು ಈ ಕ್ಲಾಸಿಗೆ ಅಟ್ಟಿದ್ದರು. ಕೆಲಸ ಮುಗಿಸಿದವರು ಬಂದು ಕೂರುವ ಕ್ಲಾಸು ಅದು. ಟ್ಯಾಕ್ಸಿ ಓಡಿಸುವವನೊಬ್ಬ, ಆಸ್ಪತ್ರೆಯ ನರ್ಸೊಬ್ಬಳು, ಫೋನಿನ ಹೆಲ್ಪ್‌ಲೈನಿನವರ ಜೊತೆ ಸರಿಯಾಗಿ ಜಗಳವಾಡಬೇಕೆಂದೇ ಇಂಗ್ಲಿಷ್ ಕಲಿಯಲು ಬಂದ ಅಜ್ಜಿಯೊಬ್ಬರು, ಹೀಗೆ. ಅಲ್ಲಿ ಯಾರಿಗೂ ಹೆಸರಿರಲಿಲ್ಲ, ಕಸುಬೇ ಹೆಸರು. ಹಲ್ಲಿನ ಮೇಸ್ತ್ರಿ ಎಂದು ಅವನಿಗೆ ನಾಮಕರಣ ಮಾಡಿದ್ದೂ ಆ ಅಜ್ಜಿಯೇ.

ಟೀಚರು ಮೊದಲ ಸಂಜೆ ಬಾಗಿಲು ತಳ್ಳಿಕೊಂಡು ಬಂದಾಗ ಅವರ ಎಡ ಮೊಣಕೈಗೆ ಸೀಮೆಸುಣ್ಣ ಹತ್ತಿತ್ತು. ಗಂಟು ಹಾಕಿದ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಅದೇ ಪೆನ್ಸಿಲನ್ನು ಮೇಜಿನ ಮೇಲೆಲ್ಲ ಹುಡುಕಿದರು. ಯಾರೋ ತಲೆಯ ಕಡೆ ಬೆರಳು ತೋರಿಸಿದಾಗ ಅವರು ನಕ್ಕರು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿದ ಹಾಗೆ ತುಸು ತಿರುಗಿ ನಿಂತಿತ್ತು. ದಿನವಿಡೀ ಹಲ್ಲುಗಳನ್ನು ಮಾಡುವವನು ಆ ಒಂದು ಸೊಟ್ಟ ಹಲ್ಲಿಗೆ ಬಿದ್ದುಹೋದ.

ಆದರೆ ಬಾಯಿ ಇದೆಯಲ್ಲ, ಅದು ಬೇಡದ ಹೊತ್ತಿಗೆ ಕಸುಬುದಾರನ ಬಾಯಿಯಾಗುತ್ತದೆ. ಎರಡನೇ ವಾರ ಟೀಚರೇ ಕೇಳಿದ್ದರು, "ನೀವು ಹಲ್ಲಿನ ಲ್ಯಾಬಿನವರಲ್ವಾ? ಇದನ್ನ ನೇರ ಮಾಡೋಕಾಗುತ್ತಾ?"

"ಆಗುತ್ತೆ," ಎಂದುಬಿಟ್ಟ.

ಆಗುತ್ತೆ, ಆದರೆ ಮಾಡಬಾರದು ಎನ್ನುವುದು ಅವನ ಮನಸ್ಸಿನಲ್ಲಿದ್ದ ಪೂರ್ತಿ ಮಾತು. ಅರ್ಧ ಹೊರಗೆ ಬಂತು, ಅರ್ಧ ಗಂಟಲಲ್ಲಿ ಉಳಿಯಿತು. ಅಂದಿನಿಂದ ಟೀಚರು ನಗುವಾಗಲೆಲ್ಲ ಹಿಂಗೈಯನ್ನು ಬಾಯಿಗೆ ಅಡ್ಡ ಹಿಡಿಯತೊಡಗಿದರು. ಅವನಿಗೆ ತನ್ನ ನಾಲಿಗೆಯನ್ನೇ ಅಚ್ಚಿನಲ್ಲಿಟ್ಟು ಒತ್ತಬೇಕೆನಿಸಿತು.

ಆಮೇಲೆ ಆ ಕಾಫಿಯ ಪ್ರಶ್ನೆ. ಕ್ಲಾಸು ಮುಗಿದು ಎಲ್ಲರೂ ಹೋದಮೇಲೆ ಕೇಳಿದ್ದ. ಟೀಚರು ಒಮ್ಮೆ ಗೋಡೆಯ ಕಡೆ ನೋಡಿದರು. ಅಲ್ಲಿ ಸಂಸ್ಥೆಯ ನಿಯಮಗಳನ್ನು ಗಾಜು ಹಾಕಿ ತೂಗುಹಾಕಿದ್ದರು. ಟೀಚರು ತಮ್ಮ ವಿದ್ಯಾರ್ಥಿಗಳ ಜೊತೆ ಕ್ಲಾಸಿನ ಹೊರಗೆ ಒಡನಾಟ ಇಟ್ಟುಕೊಳ್ಳಬಾರದು ಎಂದು ಅದರಲ್ಲಿತ್ತು. ಮತ್ತೆ ಅವನ ಕಡೆ ನೋಡಿದರು. "ಮೊದಲು ಟೆಸ್ಟ್ ಪಾಸಾಗಿ," ಎಂದು ಡಸ್ಟರು ಎತ್ತಿಕೊಂಡು ಬೋರ್ಡಿನ ಕಡೆ ತಿರುಗಿದರು. ಕಿವಿಯ ತುದಿ ಕೆಂಪಾಗಿದ್ದುದನ್ನು ಅವನು ನೋಡಲಿಲ್ಲ. ಗೋಡೆಯನ್ನೇ ಓದುತ್ತಿದ್ದ.

ಓದೋ ಕಡೆ ಗಮನ ಕೊಡಪ್ಪ ಅಂದರು, ಅಷ್ಟೇ, ಎಂದುಕೊಂಡ. ಇನ್ನು ತನಗೆ ಉಳಿದಿರುವುದು ಈ ಸಂಜೆಗಳು ಮಾತ್ರ. ಪಾಸಾದರೆ ಅವೂ ಹೋಗುತ್ತವೆ, ಏಕೆಂದರೆ ಪಾಸಾದವರನ್ನು ಮೇಲಿನ ಮಹಡಿಗೆ, ಹಿರಿಯ ಮೇಷ್ಟ್ರ ಬ್ಯಾಚಿಗೆ ಹತ್ತಿಸುತ್ತಾರೆ. ಆದ್ದರಿಂದ ಪಾಸಾಗಕೂಡದು. ಪ್ರೀತಿಯಲ್ಲಿ ಬಿದ್ದವರ ಲೆಕ್ಕಾಚಾರ ಹೀಗೇ ಇರುತ್ತದೆ. ಪ್ರತಿ ಹೆಜ್ಜೆಯೂ ಸರಿ, ತಲುಪುವುದು ಮಾತ್ರ ಹಳ್ಳಕ್ಕೆ.

ಮೊದಲ ಸಲ ಫೇಲಾದಾಗ ಅವನ ಪಾಲಿಗೆ ಲಾಟರಿಯೇ ಹೊಡೆಯಿತು. "ಬೇಜಾರು ಮಾಡ್ಕೋಬೇಡಿ, ಕ್ಲಾಸ್ ಆದ್ಮೇಲೆ ಅರ್ಧ ಗಂಟೆ ಕೂತ್ಕೊಳ್ಳಿ, ನಾನು ಹೇಳ್ಕೊಡ್ತೀನಿ," ಎಂದರು ಟೀಚರು.

ಆ ಅರ್ಧ ಗಂಟೆಗಳು! ಖಾಲಿ ಬೆಂಚುಗಳ ನಡುವೆ ಒಂದೇ ಮೇಜು, ಒಂದೇ ಪುಸ್ತಕ. ಅವನು ತಪ್ಪು ಓದಿದರೆ ಪೆನ್ಸಿಲಿನಿಂದ ಅವನ ಮುಂಗೈಗೆ ಮೆತ್ತಗೆ ಬಡಿಯುತ್ತಿದ್ದರು. ಅವನು ಮುಂಗೈಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುತ್ತಿದ್ದ.

"ಥಿಂಕ್. ನೋಡಿ, ನಾಲಿಗೆ ತುದಿ ಹಲ್ಲಿನ ಮಧ್ಯೆ ಬರಬೇಕು. ಥಿಂಕ್."

"ತಿಂಕ್."

"ಅಲ್ಲ, ಇಲ್ನೋಡಿ. ನನ್ನ ಬಾಯಿ ನೋಡಿ."

ನೋಡಿದ. ಈ ಒಂದು ಶಬ್ದವನ್ನು ಹೇಳಿಕೊಡಲು ಹಲ್ಲು ತೋರಿಸಲೇಬೇಕು, ಕೈ ಅಡ್ಡ ಹಿಡಿಯುವಂತಿಲ್ಲ. ಹೀಗಾಗಿ ಅವನ ನಾಲಿಗೆ ವಾರಗಟ್ಟಲೆ ಆ ಶಬ್ದಕ್ಕೆ ಹೊರಳಲೇ ಇಲ್ಲ. ಮನೆಯಲ್ಲಿ ಮುಖ ತೊಳೆಯುವಾಗ ಮಾತ್ರ ತಂತಾನೇ ಸ್ಪಷ್ಟವಾಗಿ ಹೊರಡುತ್ತಿತ್ತು.

"ಬೇಕೂಂತ ಮಾಡ್ತಿದ್ದೀರೇನೋ ಅನ್ಸುತ್ತೆ ಒಂದೊಂದ್ಸಲ," ಎಂದು ಒಂದು ದಿನ ಅವರು ಓರೆಗಣ್ಣಿನಲ್ಲಿ ನೋಡಿದರು.

"ಛೆ, ಛೆ," ಎಂದ. ಅವನ ಎದೆ ಗುದ್ದುತ್ತಿದ್ದ ಸದ್ದು ಮೇಲಿನ ಮಹಡಿಗೂ ಕೇಳಿಸಿರಬೇಕು.

ಎರಡನೇ ಟೆಸ್ಟಿನ ಉತ್ತರ ಪತ್ರಿಕೆ ಕೊಟ್ಟ ದಿನ ಟೀಚರು ಪೆನ್ಸಿಲ್ ಹುಡುಕಲಿಲ್ಲ. ಎಲ್ಲರೂ ಹೋದಮೇಲೆ ಅವನ ಎದುರಿಗೆ ಕೂತು, ಕೆಂಪು ಗೆರೆಗಳಿದ್ದ ಹಾಳೆಯನ್ನು ಎರಡೂ ಕೈಯಿಂದ ಸಪಾಟು ಮಾಡಿದರು.

"ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಾನು ಹೇಳ್ಕೊಡೋದು ಅರ್ಥ ಆಗ್ತಿಲ್ವಾ?"

"ಇಲ್ಲ ಟೀಚರ್, ಹಾಗೇನಿಲ್ಲ..."

"ನಾನು ಮನೇಲಿ ಕನ್ನಡಿ ಮುಂದೆ ನಿಂತ್ಕೊಂಡು ಪಾಠ ಮಾಡಿ ನೋಡ್ತೀನಿ. ಇವರಿಗೆ ಹೀಗೆ ಹೇಳಿದ್ರೆ ತಿಳಿಯುತ್ತಾ, ಹಾಗೆ ಹೇಳಿದ್ರೆ ತಿಳಿಯುತ್ತಾ ಅಂತ. ಎಲ್ಲರಿಗೂ ಅಲ್ಲ, ನಿಮಗೋಸ್ಕರ." ಅವರು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು. "ಪ್ರಿನ್ಸಿಪಾಲರು ಕರೆದಿದ್ರು. ಒಬ್ಬ ಸ್ಟೂಡೆಂಟು ಇಷ್ಟು ಹೆಚ್ಚಿಗೆ ಟೈಮ್ ಕೊಟ್ಟಮೇಲೂ ಹಿಂದಕ್ಕೇ ಹೋಗ್ತಿದ್ರೆ ಕಲಿಸೋವರಲ್ಲೇ ಕೊರತೆ ಇರ್ಬೇಕು ಅಂದ್ರು. ಮುಂದಿನ ವಾರ ಅವರೇ ಬಂದು ಕ್ಲಾಸ್ ನೋಡ್ತಾರಂತೆ. ಸರಿ ಹೋಗ್ಲಿಲ್ಲ ಅಂದ್ರೆ ಈ ಬ್ಯಾಚು ಹಿರಿಯ ಮೇಷ್ಟ್ರಿಗೆ. ನನ್ನನ್ನ ಬೆಳಗ್ಗೆ ಮಕ್ಕಳ ಸೆಕ್ಷನ್ನಿಗೆ ಹಾಕ್ತಾರೆ."

ಅವನು ಹಾಳೆಯ ಮೇಲಿನ ಕೆಂಪು ಗೆರೆಗಳನ್ನು ನೋಡಿದ.

"ಮಕ್ಕಳು ಅಂದ್ರೆ ಬೇಜಾರಿಲ್ಲ ನಂಗೆ. ಆದ್ರೆ ನೀವೆಲ್ಲ ದಿನವಿಡೀ ದುಡಿದು, ಸುಸ್ತಾಗಿ, ಆಮೇಲೂ ಬಂದು ಬೆಂಚಿನ ಮೇಲೆ ಕೂರ್ತೀರಲ್ಲ. ಅದು ನೋಡೋದು ಅಂದ್ರೆ ನಂಗಿಷ್ಟ." ಅವರು ಎದ್ದರು. "ಅವರು ಹೇಳಿದ್ದು ನಿಜಾನೇ ಇರ್ಬೇಕು. ಪುಸ್ತಕ ಗೊತ್ತು, ಕಲಿಸೋಕೆ ಬರಲ್ಲ ನಂಗೆ."

ಆಗಲೇ ಹೇಳಬೇಕಿತ್ತು. ಅವನು ಹೇಳಲಿಲ್ಲ. ಅಲ್ಲಿಯವರೆಗೆ ತನ್ನ ಆಟ ಎಂದುಕೊಂಡದ್ದು ಇನ್ನೊಬ್ಬರ ಅನ್ನಕ್ಕೂ ನಂಬಿಕೆಗೂ ಕೈ ಹಾಕಿದೆ ಎಂದು ತಿಳಿದಾಗ ಮನುಷ್ಯ ಮೊದಲು ಮೂಕನಾಗುತ್ತಾನೆ. ಅವನಿಗೆ ನಾಚಿಕೆಯಾಯಿತು, ಭಯವಾಯಿತು, ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಲೆ ತಗ್ಗಿಸಿಕೊಂಡು ಮನೆಗೆ ಬಂದ.

ಅಕ್ಕ ಎಲ್ಲ ಕೇಳಿಸಿಕೊಂಡಳು. ಈ ಸಲ ಆಕಳಿಸಲಿಲ್ಲ.

"ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು ನಿನ್ನ ಕಥೆ."

"ಈಗ ಏನ್ಮಾಡ್ಲಿ?"

"ರಾಂಗ್ ರೂಟಿಗೆ ಬಸ್ಸು ತಿರುಗಿಸಿದ್ರೆ ನಾನೇನು ಮಾಡ್ತೀನಿ? ಪ್ಯಾಸೆಂಜರ್‌ಗಳಿಗೆ ಜೋರಾಗಿ ಹೇಳಿ ಹಿಂದಕ್ಕೆ ತಗೋತೀನಿ. ಬೈತಾರೆ. ಬೈಸ್ಕೋಬೇಕು."

"ಹೇಳಿದ್ರೆ ಮತ್ತೆ ನನ್ನ ಮುಖ ನೋಡಲ್ಲ ಅವರು."

"ನೋಡದೇ ಇರಬಹುದು," ಎಂದಳು ಅಕ್ಕ ಸಮಾಧಾನವಾಗಿ. "ಆದ್ರೆ ಆ ಹುಡುಗಿ ಕನ್ನಡಿ ಮುಂದೆ ನಿಂತು ತನ್ನನ್ನೇ ಬೈಕೊಳ್ಳೋದು ನಿಲ್ಲುತ್ತೆ. ನಿಂಗೆ ಯಾವುದು ಮುಖ್ಯ?"

ಮುಂದಿನ ವಾರ ಪ್ರಿನ್ಸಿಪಾಲರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕೊಡೆಯನ್ನು ಮೊಣಕಾಲಿಗೆ ಒರಗಿಸಿ, ಕನ್ನಡಕ ಏರಿಸಿದರು. ಕ್ಲಾಸಿಗೆ ಕ್ಲಾಸೇ ಬೆನ್ನು ನೆಟ್ಟಗೆ ಮಾಡಿಕೊಂಡಿತು.

ಪುಸ್ತಕದಲ್ಲಿ ಅಂದಿನ ಪದ ಬ್ಯಾಕ್‌ಫೈರ್. ಟೀಚರು ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಬರೆಯುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

"ಹಳೇ ಗಾಡಿ ಸೈಲೆನ್ಸರಿನಿಂದ ಢಮ್ ಅಂತ ಸದ್ದು ಬರುತ್ತಲ್ಲ, ಅದಕ್ಕೂ ಇದೇ ಪದ. ಆದ್ರೆ ಇವತ್ತು ನಮಗೆ ಬೇಕಾಗಿರೋದು ಇನ್ನೊಂದು. ನಾವು ಮಾಡಿದ ಪ್ಲಾನು ತಿರುಗಿ ನಮಗೇ ಬಡಿಯೋದು. ಎಲ್ಲಿ, ನಿಮ್ಮ ನಿಮ್ಮ ಜೀವನದಿಂದ ಒಂದೊಂದು ಉದಾಹರಣೆ ಕೊಡಿ. ಬರೋ ಅಷ್ಟು ಇಂಗ್ಲಿಷಲ್ಲಿ, ಬಾರದೇ ಇದ್ದದ್ದು ಕನ್ನಡದಲ್ಲಿ."

ಟ್ಯಾಕ್ಸಿಯವನು ಮೊದಲು ಎದ್ದ. ಏರ್‌ಪೋರ್ಟಿಗೆ ಬಾಡಿಗೆ ಸಿಕ್ಕಿತ್ತು, ಮಳೆ ಬಂದು ವಿಮಾನ ರದ್ದಾಯಿತು, ಪ್ಲಾನು ಬ್ಯಾಕ್‌ಫೈರ್ ಆಯಿತು ಎಂದ.

"ಪಾಪ, ನಷ್ಟ ಆಯ್ತು. ಆದ್ರೆ ಅದು ಬ್ಯಾಕ್‌ಫೈರ್ ಅಲ್ಲ," ಎಂದರು ಟೀಚರು. ಹೇಳಿಕೊಡುವ ಉತ್ಸಾಹದಲ್ಲಿ ಅವರು ಹಿಂದಿನ ಬೆಂಚನ್ನು ಮರೆತಿದ್ದರು. "ಮಳೆ ತರಿಸಿದ್ದು ನೀವಲ್ವಲ್ಲ. ಅಲ್ಲಿ ಪ್ಲಾನು ಕೈಕೊಟ್ಟಿತು, ಅಷ್ಟೇ. ಇಲ್ಲಿ ಹಾಗಲ್ಲ. ಬಾಣ ಬಿಟ್ಟಿದ್ದೂ ನಾವೇ ಆಗಿರ್ಬೇಕು, ಅದು ತಿರುಗಿ ಬಂದು ತಗುಲಿದ್ದೂ ನಮಗೇ ಆಗಿರ್ಬೇಕು. ಎರಡೂ ಬೇಕು."

ಅಜ್ಜಿ ಕೈ ಎತ್ತಿದರು. "ಮಗಳ ಮನೆ ನಾಕನೇ ಮಹಡಿ. ಮೆಟ್ಟಿಲು ಹತ್ತೋಕೆ ಸೋಮಾರಿತನ ನಂಗೆ. ಮಂಡಿ ನೋವು, ಬರೋಕಾಗಲ್ಲ ಅಂತ ಸುಳ್ಳು ಹೇಳ್ದೆ. ಅವಳು ವ್ಯಾಯಾಮ ಮಾಡ್ಸೋ ಡಾಕ್ಟ್ರನ್ನ ಗೊತ್ತುಮಾಡಿ ಕಳ್ಸಿದ್ಲು. ಅವನು ದಿನಾ ಬಂದು ನನ್ನ ಕೈಲಿ ಮೆಟ್ಟಿಲು ಹತ್ತಿಸ್ತಾನೆ. ಮೈ ಪ್ಲಾನ್, ಬ್ಯಾಕ್‌ಫೈರ್!"

"ವೆರಿ ಗುಡ್!" ಎಂದು ಟೀಚರು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು. ಪ್ರಿನ್ಸಿಪಾಲರ ಕೊಡೆಯೂ ಸ್ವಲ್ಪ ಅಲುಗಿತು.

ಆಗ ಹಲ್ಲಿನ ಮೇಸ್ತ್ರಿ ಎದ್ದು ನಿಂತ. ಟೀಚರ ಮುಖದ ಮೇಲೆ ಗಾಬರಿ ಹಾದುಹೋಯಿತು. ಇವತ್ತು, ಇವರೆದುರಿಗೆ, ಬೇಡ, ಕೂತುಬಿಡಿ ಎಂದು ಅವರ ಕಣ್ಣು ಬೇಡಿಕೊಂಡಿತು. ಅವನು ಕೂರಲಿಲ್ಲ.

ಅವನು ಇಂಗ್ಲಿಷಿನಲ್ಲೇ ಮಾತಾಡಿದ. ಎಲ್ಲೂ ತಡವರಿಸಲಿಲ್ಲ. ಈ ಕ್ಲಾಸಿನಲ್ಲಿ ಒಬ್ಬನಿದ್ದಾನೆ ಎಂದು ಶುರುಮಾಡಿದ. ಅವನಿಗೆ ಎರಡೂ ಟೆಸ್ಟಿನ ಎಲ್ಲ ಉತ್ತರಗಳೂ ಗೊತ್ತಿದ್ದವು. ಗೊತ್ತಿದ್ದೂ ತಪ್ಪು ಬರೆದ. ಪಾಸಾದರೆ ಈ ಕೋಣೆ ಬಿಟ್ಟು ಹೋಗಬೇಕಾಗುತ್ತದೆ ಎಂದು ಹೆದರಿದ್ದ. ದಿನವಿಡೀ ಅವನು ಕಾಯುತ್ತಿದ್ದುದು ಇಲ್ಲಿನ ಈ ಸಂಜೆಯನ್ನು. ಅವನಿಗೆ ಇಷ್ಟು ಇಂಗ್ಲಿಷ್ ಕಲಿಸಿದ್ದು ಈ ಟೀಚರೇ, ಬೇರೆ ಯಾರೂ ಅಲ್ಲ. ಅವನು ಅದನ್ನು ಬಚ್ಚಿಟ್ಟ. ಈಗ ಅದಕ್ಕೆ ದಂಡ ಕಟ್ಟುತ್ತಿರುವವರು ಅವರು. "ದಿಸ್ ಈಸ್ ದ ಟ್ರೂಥ್," ಎಂದು ಮುಗಿಸಿದ.

ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು, ಎಲ್ಲಿ ಬರಬೇಕೋ ಅಲ್ಲಿ ಬಂದು, ಸ್ವಚ್ಛವಾಗಿ ಹೊರಟ ಶಬ್ದ. ಟೀಚರಿಗೆ ಉಳಿದ ಮಾತೆಲ್ಲ ನಂಬಲು ಅದೊಂದೇ ಸಾಕಾಯಿತು. ಅವರು ವಾರಗಟ್ಟಲೆ ಬಾಯಿ ತೋರಿಸಿ ಹೇಳಿಕೊಟ್ಟದ್ದು ಅದನ್ನೇ.

ಟ್ಯಾಕ್ಸಿಯವನ ಬಾಯಿ ತೆರೆದೇ ಇತ್ತು. "ನಂಗೆ ಮೊದಲೇ ಗೊತ್ತಿತ್ತು," ಎಂದು ಅಜ್ಜಿ ನರ್ಸಿನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಟೀಚರು ತಿರುಗಿ ಬೋರ್ಡಿನ ಮೇಲಿನ ಪದವನ್ನು ನೋಡಿದರು. ಆಮೇಲೆ ಮೆಲ್ಲಗೆ, ಪಾಠ ಹೇಳುವ ದನಿಯಲ್ಲೇ, ಅಂದರು: "ಉದಾಹರಣೆ ತಪ್ಪು. ಬ್ಯಾಕ್‌ಫೈರ್ ಅಂದ್ರೆ ಬಾಣ ಬಿಟ್ಟವರಿಗೇ ತಗುಲಬೇಕು ಅಂದಿದ್ದೆ. ಬಿಟ್ಟವರು ನೀವು. ತಗುಲಿದ್ದು ನನಗೆ. ಇದಕ್ಕೆ ಆ ಪದ ಬರಲ್ಲ. ಕೂತ್ಕೊಳ್ಳಿ."

ಕೂತ. ಅದಕ್ಕಿಂತ ಜೋರಾಗಿ ಯಾರಾದರೂ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಪ್ರಿನ್ಸಿಪಾಲರು ಅವನನ್ನು ಅಲ್ಲಿಂದಲೇ ಆಫೀಸಿಗೆ ಕರೆದೊಯ್ದು, ಬಾಗಿಲ ಪಕ್ಕದ ಮೇಜಿನಲ್ಲಿ ಕೂರಿಸಿ, ಹೊಸ ಪ್ರಶ್ನೆಪತ್ರಿಕೆ ಕೊಟ್ಟರು. ಅವನು ಬರೆದದ್ದನ್ನು ತಿದ್ದಿ, ಕನ್ನಡಕ ಇಳಿಸಿ, "ಮೂವತ್ತು ವರ್ಷದ ಸರ್ವೀಸಲ್ಲಿ ಕಾಪಿ ಹೊಡೆದು ಪಾಸಾದವರನ್ನ ಹಿಡಿದಿದ್ದೀನಿ. ಓದಿ ಫೇಲಾದವನನ್ನ ಹಿಡಿದಿದ್ದು ಇದೇ ಮೊದಲು," ಎಂದರು. ಸಂಜೆಯ ಬ್ಯಾಚು ಟೀಚರ ಬಳಿಯೇ ಉಳಿಯಿತು. ಅವನನ್ನು ಮೇಲಿನ ಮಹಡಿಗೆ ಹತ್ತಿಸಿದರು. ಮಾಡಿದ್ದುಣ್ಣೋ ಮಹಾರಾಯ.

ಹಿರಿಯ ಮೇಷ್ಟ್ರು ಒಳ್ಳೆಯವರು. ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ಪಾಠ ಮಾಡುತ್ತಿದ್ದರು. ಕ್ಲಾಸೂ ಕಣ್ಣು ಮುಚ್ಚಿಕೊಂಡು ಕೇಳುತ್ತಿತ್ತು. ಅವನೊಬ್ಬ ಎಚ್ಚರವಾಗಿರುತ್ತಿದ್ದ. ಕೆಳಗಿನ ಕೋಣೆಯ ನಗು ನೆಲದ ಹಲಗೆಗಳ ಸಂದಿನಿಂದ ಮೇಲೆ ಬರುತ್ತಿತ್ತು. ಅದರೊಳಗೆ ಒಂದು ನಗು ನಡುವೆಯೇ ತಡೆದು ನಿಲ್ಲುವುದು ಅವನಿಗೆ ಗೊತ್ತಾಗುತ್ತಿತ್ತು. ಅಲ್ಲಿ ಕೈ ಅಡ್ಡ ಬಂತು ಎಂದುಕೊಳ್ಳುತ್ತಿದ್ದ.

ಮೆಟ್ಟಿಲ ಮೇಲೆ ಒಮ್ಮೊಮ್ಮೆ ಎದುರಾಗುತ್ತಿದ್ದರು. ಅವನು ಗೋಡೆಗೆ ಒತ್ತಿ ದಾರಿ ಬಿಡುತ್ತಿದ್ದ. ಅವರು ತಲೆಯಾಡಿಸುತ್ತಿದ್ದರು, ಪೋಸ್ಟ್‌ಮ್ಯಾನಿಗೆ ತಲೆಯಾಡಿಸಿದಷ್ಟೇ. ಒಂದು ಸಲ ಅವನು ಧೈರ್ಯ ಮಾಡಿ, "ತಪ್ಪಾಯ್ತು," ಎಂದ.

"ಗೊತ್ತು," ಎಂದು ಅವರು ಇಳಿದುಹೋದರು. ನಾಲ್ಕು ಮೆಟ್ಟಿಲು ಇಳಿದಮೇಲೆ ಹೆಜ್ಜೆ ಸ್ವಲ್ಪ ನಿಂತ ಹಾಗಾಯಿತು. ಅಥವಾ ಅವನಿಗೆ ಹಾಗೆ ಅನಿಸಿತು.

"ಇವತ್ತು ನೋಡಿದ್ರಾ?" ಎಂದು ಅಕ್ಕ ಕೇಳುತ್ತಿದ್ದಳು.

"ತಲೆಯಾಡಿಸಿದ್ರು."

"ಎಷ್ಟು?"

"ನಿನ್ನೆಗಿಂತ ಒಂಚೂರು ಜಾಸ್ತಿ."

"ಹಾಗಿದ್ರೆ ಗಾಡಿ ಇನ್ನೂ ನ್ಯೂಟ್ರಲ್ಲಿನಲ್ಲಿದೆ, ಬಂದ್ ಆಗಿಲ್ಲ," ಎನ್ನುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ಅವನೊಬ್ಬನೇ ಇದ್ದ. ಕಿಟಕಿಯ ಬಿಸಿಲು ಕೆಲಸದ ಮೇಜಿನ ಪ್ಲಾಸ್ಟರ್ ಪುಡಿಯ ಮೇಲೆ ಬಿದ್ದಿತ್ತು. ಬೆಳ್ಳಗಿನಿಂದ ಹಳದಿಯವರೆಗೆ ಸಾಲಾಗಿ ಪೋಣಿಸಿದ ಮಾದರಿ ಹಲ್ಲುಗಳನ್ನು ಬೆಳಕಿಗೆ ಹಿಡಿದು ಯಾರದೋ ಬಣ್ಣ ಹೊಂದಿಸುತ್ತಿದ್ದ. ಬಾಗಿಲು ಸದ್ದಾಯಿತು. ಎಡ ಮೊಣಕೈಯಲ್ಲಿ ಸೀಮೆಸುಣ್ಣ.

ಮಾದರಿ ಹಲ್ಲುಗಳು ಕೈಯಿಂದ ಜಾರಿ ಮೇಜಿನ ಮೇಲೆ ಸರಪಳಿಯಂತೆ ಸದ್ದು ಮಾಡಿದವು.

"ಅಜ್ಜಿ ಕೊಟ್ಟು ಕಳ್ಸಿದ್ರು," ಎಂದು ಟೀಚರು ಕರವಸ್ತ್ರದ ಗಂಟೊಂದನ್ನು ಮೇಜಿನ ಮೇಲಿಟ್ಟರು. "ಹಲ್ಲಿನ ಸೆಟ್ಟು ಒತ್ತುತ್ತಂತೆ. ಅರ್ಜೆಂಟು ಅಂದ್ರು. ನೀವೇ ಹೋಗಿ ಅವನ ಕೈಗೇ ಕೊಡಬೇಕು ಅಂತ ಹಟ."

ಅವನು ಗಂಟು ಬಿಚ್ಚಿದ. ಸೆಟ್ಟನ್ನು ತಿರುಗಿಸಿ ನೋಡಿದ. ನಗು ತಡೆಯಲು ತುಟಿ ಕಚ್ಚಿಕೊಂಡ.

"ಏನಾಗಿದೆ?"

"ಏನೂ ಆಗಿಲ್ಲ. ಇದು ಹಾಕ್ಕೊಳ್ಳೋ ಸೆಟ್ಟೇ ಅಲ್ಲ. ಎಷ್ಟೋ ಹಳೇದು, ಬಣ್ಣಾನೂ ಹೋಗಿದೆ. ಎಲ್ಲೋ ಡಬ್ಬಿಯಲ್ಲಿತ್ತು ಅನ್ಸುತ್ತೆ. ಈಗ ಅಜ್ಜಿ ಬಾಯಲ್ಲಿರೋದು ನಾನೇ ಮಾಡಿಕೊಟ್ಟಿದ್ದು, ಚೆನ್ನಾಗೇ ಇದೆ."

ಟೀಚರು ಸೆಟ್ಟನ್ನು ನೋಡಿದರು, ಅವನನ್ನು ನೋಡಿದರು. "ಅಂದ್ರೆ ಇದು ಅಜ್ಜಿ ಪ್ಲಾನು."

"ಇರ್ಬೇಕು."

ಅವರು ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಸ್ಟೂಲಿನ ಮೇಲಿನ ಪುಡಿಯನ್ನು ಕೈಯಿಂದ ಒರೆಸಿ ಕೂತರು.

"ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು," ಎಂದರು. "ಕನ್ನಡಿ ಮುಂದೆ ನಿಂತು ಅತ್ತಿದ್ದೀನಿ, ಗೊತ್ತಾ?"

"ಟೀಚರ್..."

"ನಾನು ಈಗ ನಿಮ್ಮ ಟೀಚರಲ್ಲ. ಪೂರ್ತಿ ಹೇಳೋಕೆ ಬಿಡಿ. ನೀವು ಅವತ್ತು ಎದ್ದು ನಿಂತು, ಎಲ್ಲರೆದುರಿಗೂ ನಿಮ್ಮ ಮಾನ ನೀವೇ ಕಳ್ಕೊಂಡು ಹೇಳಿದ್ರಲ್ಲ, ಆ ಟೀಚರೇ ಕಲಿಸಿದ್ದು ಅಂತ. ಆ ಮಾತು ಮನೆಗೆ ಹೋದ್ಮೇಲೂ ಕೇಳಿಸ್ತಾ ಇತ್ತು. ಸಿಟ್ಟು ಒಂದು ಕಡೆ, ಅದೊಂದು ಕಡೆ. ಸಿಟ್ಟು ಇಳಿಯೋಕೆ ಟೈಮ್ ಬೇಕಿತ್ತು. ಇಳೀತು." ಅವರು ಮೇಜಿನ ಮೇಲಿನ ಪುಡಿಯಲ್ಲಿ ಬೆರಳಿನಿಂದ ಗೆರೆ ಎಳೆದರು. "ಒಂದು ಕೇಳ್ತೀನಿ. ಕಾಫಿಗೆ ಕರೆದ ದಿನ ನಾನು ಏನಂದೆ, ನೆನಪಿದೆಯಾ?"

"ಮೊದಲು ಟೆಸ್ಟ್ ಪಾಸಾಗಿ ಅಂದ್ರಿ. ಓದೋ ಕಡೆ ಗಮನ ಕೊಡು ಅಂತ ಅರ್ಥ ಮಾಡ್ಕೊಂಡೆ."

ಟೀಚರು ಕಣ್ಣು ಮುಚ್ಚಿಕೊಂಡರು. "ಗೋಡೆ ಮೇಲೆ ನಿಯಮ ಇದೆ. ನನ್ನ ಸ್ಟೂಡೆಂಟಿನ ಜೊತೆ ನಾನು ಹೊರಗೆ ಹೋಗೋ ಹಾಗಿಲ್ಲ. ಟೆಸ್ಟ್ ಪಾಸಾದ್ರೆ ನೀವು ಮೇಲಿನ ಮಹಡಿ. ಆಮೇಲೆ ನನ್ನ ಸ್ಟೂಡೆಂಟಲ್ಲ." ಕಣ್ಣು ತೆರೆದರು. "ಮೊದಲು ಪಾಸಾಗಿ, ಆಮೇಲೆ ಬರ್ತೀನಿ ಅನ್ನೋ ಅರ್ಥದಲ್ಲಿ ಅಂದಿದ್ದು ನಾನು. ಎರಡನೇ ಟೆಸ್ಟಿನ ಪೇಪರನ್ನ ನಿಮಗೆ ಗೊತ್ತಿರೋದರಲ್ಲೇ ಮಾಡಿದ್ದೆ. ಇವರು ಈ ಸಲ ಪಾಸಾಗ್ಲಪ್ಪಾ ಅಂತ ಆ ಅರ್ಧ ಗಂಟೆಗಳು. ನೀವು ನೋಡಿದ್ರೆ..."

ಅವನು ಸ್ಟೂಲು ಹುಡುಕಿಕೊಂಡು ಕೂತ.

"ಅಂದ್ರೆ, ನಾನು ಮೊದಲನೇ ಟೆಸ್ಟಲ್ಲೇ ಪಾಸಾಗಿದ್ರೆ?"

"ಆ ವಾರವೇ ಕಾಫಿ."

"ನಿಮ್ಮ ಹತ್ರ ಇರೋಕೆ ಅಂತ ನಾನು ಫೇಲಾದೆ..."

"ಫೇಲಾಗಿದ್ದಕ್ಕೇ ನಾನು ಹತ್ರ ಬರೋ ಹಾಗಿರ್ಲಿಲ್ಲ."

ಹೊರಗೆ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು. ಅವನ ಮುಖದ ಮೇಲೆ ಅಷ್ಟೂ ತಿಂಗಳ ಲೆಕ್ಕಾಚಾರ ಒಂದೊಂದಾಗಿ ಕುಸಿಯುತ್ತಿರುವುದನ್ನು ಟೀಚರು ನೋಡುತ್ತಿದ್ದರು. ಅವರ ತುಟಿಯ ತುದಿ ಅಲುಗಿತು.

"ಇದು," ಎಂದರು, ಬೋರ್ಡಿಗೆ ಬೆರಳು ತೋರಿಸುವಂತೆ ಅವನ ಕಡೆ ಬೆರಳು ತೋರಿಸಿ. "ಬಾಣ ಬಿಟ್ಟಿದ್ದೂ ನೀವೇ, ತಗುಲಿದ್ದೂ ನಿಮಗೇ. ಇದಕ್ಕೆ ಬ್ಯಾಕ್‌ಫೈರ್ ಅಂತಾರೆ. ಈಗ ಉದಾಹರಣೆ ಸರಿಯಾಯ್ತು."

ಅವರು ನಕ್ಕರು, ಕೈ ಬಾಯಿಯ ಕಡೆ ಎದ್ದಿತು.

"ಬೇಡ," ಎಂದ ಅವನು. "ಅವತ್ತು ಅರ್ಧ ಮಾತು ಹೇಳಿದ್ದೆ. ಆಗುತ್ತೆ ಅಂದಿದ್ದೆ. ಆಗುತ್ತೆ, ಆದ್ರೆ ಮಾಡಬಾರದು. ಅದನ್ನ ನೇರ ಮಾಡೋವನು ಯಾರಾದ್ರೂ ಸಿಕ್ಕಿದ್ರೆ ನಾನೇ ಅವನ ಹಲ್ಲು ಉದುರಿಸ್ತೀನಿ. ನಾನು ಮಾಡೋ ಪ್ರತಿ ಸೆಟ್ಟಲ್ಲೂ ಒಂದು ಹಲ್ಲನ್ನ ಒಂಚೂರು ತಿರುಗಿಸ್ತೀನಿ, ಅಷ್ಟು ಚೆನ್ನಾಗಿ ಇನ್ನೂ ಒಂದೂ ಬಂದಿಲ್ಲ." ಉಸಿರು ತೆಗೆದುಕೊಂಡ. "ನೀವಂದ್ರೆ ನಂಗೆ ತುಂಬಾ ಇಷ್ಟ. ಇದನ್ನ ಮೊದಲನೇ ದಿನವೇ ಹೇಳ್ಬೇಕಿತ್ತು."

ಟೀಚರ ಕೈ ಗಾಳಿಯಲ್ಲೇ ನಿಂತಿತ್ತು. ಕಿವಿಯ ತುದಿ ಕೆಂಪಾಯಿತು. ಈ ಸಲ ಅವನು ಗೋಡೆಯನ್ನು ನೋಡುತ್ತಿರಲಿಲ್ಲ.

"ಕಾಫಿಗೆ ಬರ್ತೀರಾ?" ಎಂದು ಕೇಳಿದ.

"ಪಾಸಾಗಿದ್ದೀರಲ್ಲ," ಎಂದರು ಅವರು.

ಅಜ್ಜಿಯ ಹಳೆಯ ಸೆಟ್ಟನ್ನು ಕರವಸ್ತ್ರದಲ್ಲಿ ಮತ್ತೆ ಕಟ್ಟಿ ಕಪಾಟಿನಲ್ಲಿಟ್ಟು, ಲ್ಯಾಬಿಗೆ ಬೀಗ ಹಾಕಿ ಇಬ್ಬರೂ ಹೊರಟರು. ಬೀದಿ ತಿರುವಿನಲ್ಲಿ ಹಳೆಯ ವ್ಯಾನೊಂದು ಢಮ್ ಎಂದು ಸದ್ದು ಮಾಡಿತು. ಇಬ್ಬರೂ ಒಟ್ಟಿಗೆ ಬೆಚ್ಚಿ, ಒಬ್ಬರ ಮುಖ ಒಬ್ಬರು ನೋಡಿದರು. ಟೀಚರು ಗಟ್ಟಿಯಾಗಿ, ನಡುವೆ ಎಲ್ಲೂ ತಡೆಯದೆ ನಕ್ಕರು. ಕೈ ಬಾಯಿಗೆ ಅಡ್ಡ ಬರಲಿಲ್ಲ. ಅದು ಅವನ ಕೈಯಲ್ಲಿತ್ತು.